ಹ್ಯಾಂಡಲ್ ಹಿಡಿದ ಕೈ, ಬೆಟ್ಟ ಇಳಿದ ಕಾಲು

ಬೈಕ್ ಬಿದ್ದಿದ್ದು ತಿರುವಿನಲ್ಲಲ್ಲ, ಜಲ್ಲಿಯ ಮೇಲೂ ಅಲ್ಲ. ನಿಂತ ಜಾಗದಲ್ಲೇ ಬಿತ್ತು.

ಸಂಜೆ ಐದು ದಾಟಿತ್ತು. ನಾನು ಮತ್ತು ನನ್ನ ತಮ್ಮ ಆಗಷ್ಟೇ ಬೆಟ್ಟ ಇಳಿದು ಬಂದಿದ್ದೆವು. ಹೋಗಿ ಬರೋದು ಸೇರಿ 12 ಕಿಲೋಮೀಟರ್ ನಡಿಗೆ, 600 ಮೀಟರ್ ಏರು, ಮತ್ತೆ ಅಷ್ಟೇ ಇಳಿಜಾರು. ಇಬ್ಬರಿಗೂ ಖುಷಿಯೋ ಖುಷಿ. ಕತ್ತಲಾಗುವ ಮೊದಲು ರಸ್ತೆಯ ತಿರುವುಗಳನ್ನೆಲ್ಲ ದಾಟಿಬಿಡಬೇಕು ಅನ್ನೋ ಅವಸರ ಬೇರೆ. ಕೂರಲಿಲ್ಲ, ನೀರು ಸರಿಯಾಗಿ ಕುಡಿಯಲಿಲ್ಲ. ಬೆವರಿನ ಅಂಗಿಯ ಮೇಲೇ ಜಾಕೆಟ್ ಏರಿಸಿ, ಹೆಲ್ಮೆಟ್ ಹಾಕಿ, ಸ್ಟಾರ್ಟ್ ಮಾಡಿದೆವು.

ಕಾಲುದಾರಿ ಶುರುವಾಗುವ ಕಡೆ ರಸ್ತೆ ತುಂಬ ಕಿರಿದು. ಬೈಕ್ ತಿರುಗಿಸಿಕೊಳ್ಳಬೇಕಿತ್ತು. ಹ್ಯಾಂಡಲ್ ಪೂರ್ತಿ ಎಡಕ್ಕೆ ಎಳೆದು, ಅರ್ಧ ಕ್ಲಚ್‌ನಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದೆ. ನಡುವೆ ಎಂಜಿನ್ ನಿಂತುಹೋಯಿತು. ಎಡಗಾಲು ಊರಿದೆ. ದಿನಕ್ಕೆ ಹತ್ತಾರು ಸಲ ಹಾಗೆ ಊರುವ ಕಾಲು ಅದು. ಅವತ್ತು ಮೊಣಕಾಲು ನಿಲ್ಲಲೇ ಇಲ್ಲ. ಒದ್ದೆ ಬಟ್ಟೆ ಹಾಗೆ ಮಡಚಿಕೊಂಡಿತು. ಬೈಕಿನ ತೂಕ 180 ಕೆ.ಜಿ.ಗೂ ಸ್ವಲ್ಪ ಜಾಸ್ತಿ. ಅದು ವಾಲಿದ್ದು, ನಾನು ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಉರುಳಿದ್ದು, ಎರಡೂ ಒಂದೇ ಕ್ಷಣದಲ್ಲಿ ಆಯಿತು. ಎಡಗಡೆಯ ಕನ್ನಡಿ ಒಡೆಯಿತು. ಕ್ಲಚ್ ಲಿವರ್ ತುದಿ ಮುರಿಯಿತು. ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ತಮ್ಮ ಓಡಿ ಬಂದ. "ಅಕ್ಕಾ, ಏನಾಯ್ತೇ?"

"ಕಾಲೇ ಇರ್ಲಿಲ್ಲ ಕಣೋ" ಅಂದೆ. ಬೇರೆ ಹೇಗೆ ಹೇಳಬೇಕೋ ಗೊತ್ತಾಗಲಿಲ್ಲ. ಕಾಲಿದೆ ಅಂದುಕೊಂಡು ಊರಿದ್ದೆ, ಅಲ್ಲಿ ಕಾಲಿನ ಬಲ ಇರಲಿಲ್ಲ.

ಇಬ್ಬರೂ ಸೇರಿ ಬೈಕ್ ಎತ್ತಿದೆವು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಆಗ ನೋಡಿಕೊಂಡರೆ ಎರಡೂ ತೊಡೆ ಸಣ್ಣಗೆ ನಡುಗುತ್ತಿದ್ದವು. ಅಂಗೈ ಇಟ್ಟು ಒತ್ತಿ ಹಿಡಿದರೂ ನಡುಕ ನಿಲ್ಲಲಿಲ್ಲ. ಐದು ನಿಮಿಷ ಮೊದಲೇ ಅಲ್ಲಿ ಕೂತಿದ್ದರೆ ಇದು ಗೊತ್ತಾಗುತ್ತಿತ್ತು. ಕೂತಿರಲಿಲ್ಲ.

ಆ ಸಂಜೆಯಿಂದ ಈಚೆಗೆ ನಮ್ಮ ಸುತ್ತಾಟದ ಕ್ರಮವೇ ಬದಲಾಗಿದೆ. ಬೈಕ್ ಸವಾರಿಯನ್ನೂ ಬೆಟ್ಟದ ನಡಿಗೆಯನ್ನೂ ಒಂದೇ ದಿನದಲ್ಲಿ ಸೇರಿಸೋದು ನನಗೆ ಈಗಲೂ ಅತಿ ಇಷ್ಟದ ಕೆಲಸ. ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದರೆ ಈಗ ದಿನದ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತೇನೆ. ವಾಪಸ್ ಬರುವ ಸವಾರಿ ಮೊದಲು, ಬೆಟ್ಟ ಆಮೇಲೆ, ಬೆಳಗಿನ ರಸ್ತೆ ಕೊನೆಗೆ.

ಕಾಲಿಗೆ ಏನಾಗುತ್ತದೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಏರುವಾಗ ಉಸಿರು ಕಟ್ಟುತ್ತದೆ, ಹಾಗಾಗಿ ಏರೇ ಕಷ್ಟ ಅಂತ ನಮಗೆ ಅನಿಸುತ್ತದೆ. ಆದರೆ ತೊಡೆಯನ್ನು ಜಾಸ್ತಿ ದಣಿಸುವುದು ಇಳಿಜಾರು. ಇಳಿಯುವಾಗ ಒಂದೊಂದು ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಾಗೆ ಕೆಲಸ ಮಾಡುತ್ತದೆ. ಬಿಗಿ ಹಿಡಿದುಕೊಂಡೇ ಉದ್ದವಾಗಬೇಕು. ಈ ಥರದ ಕೆಲಸ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಕೊಡುತ್ತದೆ. ನೋವು ಬರುವುದು ಮರುದಿನ ಅಥವಾ ಅದರ ಮಾರನೆ ದಿನ. ಬಲ ಮಾತ್ರ ಅವತ್ತೇ ಕುಂದುತ್ತದೆ. ಮೋಸ ಇರುವುದು ಇಲ್ಲೇ. ನೋವಿಲ್ಲ, ಹಾಗಾದರೆ ಕಾಲು ಚೆನ್ನಾಗಿದೆ ಅಂದುಕೊಳ್ಳುತ್ತೇವೆ.

ಬೈಕ್ ಓಡುತ್ತಿರುವಾಗ ಕಾಲಿಗೆ ಅಷ್ಟು ಕೆಲಸ ಇಲ್ಲ, ನಿಜ. ಕೆಲಸ ಬೀಳುವುದು ನಿಲ್ಲಿಸುವಾಗ, ತಿರುಗಿಸುವಾಗ, ಜಲ್ಲಿಯ ಮೇಲೆ ಒಂದು ಕ್ಷಣ ಆನಿಸಬೇಕಾದಾಗ. ಬಲಗಾಲಿಗೆ ಹಿಂದಿನ ಬ್ರೇಕ್ ಇದೆ. ದಣಿದ ಕಾಲು ಬ್ರೇಕನ್ನು ಹದವಾಗಿ ಒತ್ತುವುದಿಲ್ಲ. ಒಂದೋ ತಡವಾಗಿ ಒತ್ತುತ್ತದೆ, ಇಲ್ಲವೇ ಜಾಸ್ತಿ ಒತ್ತುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಮುಂದೆ. ಕಿರಿದಾದ ತಿರುವಿನಲ್ಲಿ 8 ಮೀಟರ್ ಅಂದರೆ ರಸ್ತೆಯೇ ಮುಗಿದುಹೋಗುವಷ್ಟು ದೂರ.

ಈಗ ಲೆಕ್ಕ ಹೇಗೆ ಹಾಕುತ್ತೇನೆ ಅಂತ ಅದೇ ಬೆಟ್ಟದ ಮೇಲೆ ಹೇಳುತ್ತೇನೆ. ನಾವು ಆಮೇಲೂ ಅಲ್ಲಿಗೆ ಎರಡು ಸಲ ಹೋಗಿದ್ದೇವೆ.

ಸೂರ್ಯ ಮುಳುಗುವುದು ಆರೂವರೆಗೆ ಅಂತಿಟ್ಟುಕೊಳ್ಳಿ. ಆದರೆ ಕಣಿವೆಯ ರಸ್ತೆಗೆ ಆರೂವರೆ ತನಕ ಬೆಳಕಿರೋದಿಲ್ಲ. ಬಿಸಿಲು ಬೆಟ್ಟದ ಹಿಂದೆ ಸರಿದ ತಕ್ಷಣ ತಿರುವುಗಳೆಲ್ಲ ನೆರಳಿಗೆ ಬೀಳುತ್ತವೆ. ಒಂದು ತಿರುವಿನಲ್ಲಿ ಕಣ್ಣಿಗೆ ನೇರ ಬಿಸಿಲು, ಮುಂದಿನದರಲ್ಲಿ ಗವಿಯಂಥ ಮಬ್ಬು. ದಣಿದ ಕಣ್ಣಿಗೆ ಅದಕ್ಕೆ ಹೊಂದಿಕೊಳ್ಳಲು ಜಾಸ್ತಿ ಹೊತ್ತು ಬೇಕು. ಭೂಮಧ್ಯರೇಖೆಗೆ ಹತ್ತಿರದ ನಾಡುಗಳಲ್ಲಿ ಸೂರ್ಯ ಮುಳುಗಿದ ಮೇಲೆ ಓಡಾಡುವಷ್ಟು ಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷ ಇದ್ದರೆ ಹೆಚ್ಚು. ಹಾಗಾಗಿ ಆರು ಗಂಟೆಗೆ ತಿರುವುಗಳು ಮುಗಿದಿರಬೇಕು. ತಿರುವಿನ ರಸ್ತೆಗೆ ಒಂದು ಗಂಟೆ ಬೇಕು. ಅಂದರೆ ಐದಕ್ಕೆ ಹೊರಡಬೇಕು. ಹೊರಡುವ ಮೊದಲು ಮುಕ್ಕಾಲು ಗಂಟೆ ಸುಮ್ನೆ ಕೂರಬೇಕು. ಅಂದರೆ ನಾಲ್ಕೂ ಕಾಲಿಗೆ ಬೈಕಿನ ಹತ್ತಿರ ಇರಬೇಕು. ಈ ನಾಲ್ಕೂ ಕಾಲನ್ನು ಮೊದಲು ಬರೆದಿಟ್ಟುಕೊಂಡು ಆಮೇಲೆ ಬೆಟ್ಟಕ್ಕೆ ಬರುತ್ತೇನೆ.

ನಡಿಗೆಗೆ ಎಷ್ಟು ಹೊತ್ತು ಅನ್ನೋದಕ್ಕೆ ಒಂದು ಹಳೆಯ ಸೂತ್ರ ಇದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟಿದ್ದು. ಮೂರು ಮೈಲಿಗೆ ಒಂದು ಗಂಟೆ, ಜೊತೆಗೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಗಂಟೆಗೆ 5 ಕಿಲೋಮೀಟರ್, 600 ಮೀಟರ್ ಏರಿಗೆ ಒಂದು ಗಂಟೆ ಅಂತ ಹಿಡಿಯುತ್ತಾರೆ. ನಮ್ಮ ಬೆಟ್ಟಕ್ಕೆ 6 ಕಿಲೋಮೀಟರಿಗೆ 1 ಗಂಟೆ 12 ನಿಮಿಷ, ಏರಿಗೆ ಒಂದು ಗಂಟೆ. ಒಟ್ಟು 2 ಗಂಟೆ 12 ನಿಮಿಷ. ಇದರಲ್ಲಿ ಎಲ್ಲೂ ನಿಲ್ಲುವ ಹಾಗಿಲ್ಲ! ನಾವು ನಿಲ್ಲುತ್ತೇವೆ. ನೀರಿಗೆ ನಿಲ್ಲುತ್ತೇವೆ, ನೋಡೋದಕ್ಕೆ ನಿಲ್ಲುತ್ತೇವೆ. ನಮಗೆ ಎರಡೂ ಮುಕ್ಕಾಲು ಗಂಟೆ ಬೇಕು. ಕಡಿದಾದ ಇಳಿಜಾರಿಗೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಸೇರಿಸಿ ಅಂತ ಆಮೇಲೆ ಬಂದವರು ಆ ಸೂತ್ರವನ್ನು ತಿದ್ದಿದ್ದಾರೆ. ಹಾಗೆ ನೋಡಿದರೆ ಇಳಿಯೋದಕ್ಕೆ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ನಾವು ಎರಡು ಗಂಟೆ ಇಟ್ಟುಕೊಳ್ಳುತ್ತೇವೆ.

ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ನಡಿಗೆ ಶುರು. ಮಧ್ಯಾಹ್ನ ಒಂದೂವರೆ ಆದರೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್. ತುದಿ ಮುಟ್ಟಿದ್ದರೂ ಸರಿ, ಮುಟ್ಟದಿದ್ದರೂ ಸರಿ. ತುದಿ ನೂರು ಮೀಟರ್ ದೂರದಲ್ಲಿ ಕಾಣುತ್ತಿರುವಾಗ ತಿರುಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಒಮ್ಮೆ ಮಂಜಿನಲ್ಲಿ ದಾರಿ ಹುಡುಕುತ್ತ ಹೊತ್ತಾಗಿ ಹಾಗೆ ತಿರುಗಿದ್ದೇವೆ. ತಮ್ಮ ಅರ್ಧ ಗಂಟೆ ಮಾತಾಡಲಿಲ್ಲ. ಇಳಿದು ಬಂದು ಬೈಕಿನ ಪಕ್ಕ ಕಾಲು ಚಾಚಿ ಕೂತಾಗ ಅವನೇ "ಸರಿಯಾಯ್ತು ಬಿಡಕ್ಕ" ಅಂದ.

ಬಿದ್ದ ದಿನ ಏನಾಗಿತ್ತು ಅಂದರೆ, ಬೆಳಿಗ್ಗೆ ರಸ್ತೆಯಲ್ಲಿ ಕಂಡ ಕಂಡಲ್ಲಿ ನಿಂತಿದ್ದೆವು. ಅಷ್ಟು ಚೆಂದದ ರಸ್ತೆ ಅದು. ಒಂದೊಂದು ತಿರುವಿಗೂ ಕಣಿವೆ ಬೇರೆಯೇ ಕಾಣುತ್ತದೆ. ನಡಿಗೆ ಶುರು ಮಾಡಿದಾಗ ಹನ್ನೆರಡು. ಆ ಎರಡು ಗಂಟೆಯ ಸಾಲವನ್ನು ಸಂಜೆ ಕಾಲು ತೀರಿಸಬೇಕಾಯಿತು. ಈಗ ಹೋಗುವಾಗ ಫೋಟೋಗೆ ಎರಡೇ ಸಲ ನಿಲ್ಲೋದು ಅಂತ ಮಾತು. ರಸ್ತೆಯನ್ನು ನೋಡಬಾರದು ಅಂತಲ್ಲ. ಓಡಿಸುತ್ತಲೇ ನೋಡೋದು ಅಂತ. ನನಗೆ ಈಗ ಅದೇ ಹೆಚ್ಚು ಇಷ್ಟವಾಗಿದೆ.

ರಸ್ತೆ ಏರುತ್ತ ಹೋದ ಹಾಗೆ ಬೈಕೇ ನಿಮಗೆ ಎತ್ತರ ಹೇಳುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಎಂಜಿನ್ ಬಲ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿರುತ್ತದೆ. ಕೆಳಗೆ ನಾಲ್ಕನೇ ಗೇರಿನಲ್ಲಿ ಎಳೆಯುತ್ತಿದ್ದ ಬೈಕ್ ಮೇಲೆ ಮೂರನೆಯದು ಕೇಳುತ್ತದೆ. ನನ್ನದು ಕಾರ್ಬುರೇಟರ್ ಇರುವ ಹಳೇ ಬೈಕ್. ಎತ್ತರದಲ್ಲಿ ಅದಕ್ಕೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಆಗುತ್ತದೆ. ಸೈಲೆನ್ಸರ್ ಸದ್ದು ಸ್ವಲ್ಪ ಗೊಗ್ಗರಾಗುತ್ತದೆ. ಆ ಗೊಗ್ಗರು ಕೇಳಿದರೆ ಇನ್ನು ಹೆಚ್ಚು ದೂರ ಇಲ್ಲ ಅಂತ ಗೊತ್ತಾಗುತ್ತದೆ. ಮೈಗೂ ಗೊತ್ತಾಗುತ್ತದೆ. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿಯಷ್ಟು ತಂಪು. ಜಾಕೆಟ್ಟಿನ ತೋಳಿನ ಸಂದಿಯಿಂದ ನುಗ್ಗುವ ಗಾಳಿ ಬದಲಾಗಿರುತ್ತದೆ.

ಪೆಟ್ರೋಲಿನ ಮಾತು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಏರಿನಲ್ಲಿ ಕಡಿಮೆ ಗೇರಿನ ಓಟ ಜಾಸ್ತಿ ಕುಡಿಯುತ್ತದೆ, ಕಡೆಯ ಬಂಕ್ ಸಿಕ್ಕಿದಲ್ಲೇ ಟ್ಯಾಂಕ್ ತುಂಬಿಸಿ.

ಬೈಕ್ ಎಲ್ಲಿ, ಹೇಗೆ ನಿಲ್ಲಿಸುತ್ತೀರಿ ಅನ್ನೋದಕ್ಕೆ ಮಾತ್ರ ಸಮಯ ಕೊಡಿ. ಆರು ಗಂಟೆ ಅದನ್ನು ಯಾರೂ ನೋಡೋದಿಲ್ಲ. ಮಳೆ ಬರಬಹುದು. ಒಮ್ಮೆ ತಮ್ಮನ ಬೈಕ್ ಹುಲ್ಲಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ಹೋಗಿದ್ದೆವು. ನಡುವೆ ಒಂದು ಗಂಟೆ ಮಳೆ ಸುರಿಯಿತು. ಬಂದು ನೋಡಿದರೆ ಸ್ಟ್ಯಾಂಡ್ ಮಣ್ಣಿಗೆ ಇಳಿದು ಬೈಕ್ ಮಲಗಿತ್ತು. ಟ್ಯಾಂಕ್ ಮುಚ್ಚಳದ ಸಂದಿಯಿಂದ ಪೆಟ್ರೋಲ್ ಸೋರಿ ಹುಲ್ಲು ಸುಟ್ಟ ಬಣ್ಣಕ್ಕೆ ತಿರುಗಿತ್ತು. ಬೈಕಿಗಿಂತ ಆ ಹುಲ್ಲು ನೋಡಿ ನನಗೆ ಸಂಕಟವಾಯಿತು. ಈಗ ಇಬ್ಬರ ಬ್ಯಾಗಿನಲ್ಲೂ ಅಂಗೈ ಅಗಲದ ಹಲಗೆ ತುಂಡು ಇರುತ್ತದೆ. ಸ್ಟ್ಯಾಂಡಿನ ಪಾದದ ಕೆಳಗೆ ಅದನ್ನಿಟ್ಟು, ಬೈಕನ್ನು ಒಮ್ಮೆ ಅಲುಗಾಡಿಸಿ ನೋಡುತ್ತೇವೆ. ಇಳಿಜಾರಾದರೆ ಮುಂದಿನ ಚಕ್ರ ಏರಿನ ಕಡೆಗೆ, ಮೊದಲ ಗೇರಿನಲ್ಲಿ. ಇನ್ನೊಂದು ವಿಷಯ, ಆ ದಿನದ ಕನ್ನಡಿ ಒಡೆದ ಮೇಲೆ ಕಲಿತದ್ದು. ವಾಪಸ್ ಹೋಗುವ ದಿಕ್ಕಿಗೆ ಬೈಕನ್ನು ಬೆಳಿಗ್ಗೆಯೇ ತಿರುಗಿಸಿ ನಿಲ್ಲಿಸುತ್ತೇವೆ. ಕಾಲು ಗಟ್ಟಿಯಿರುವಾಗಲೇ ಆ ಕೆಲಸ ಮುಗಿಯಲಿ. ಸಂಜೆ ಹತ್ತಿ ಕೂತರೆ ನೇರ ಹೊರಡೋದು ಅಷ್ಟೇ.

ಹೆಲ್ಮೆಟ್ಟನ್ನು ಬೆಟ್ಟಕ್ಕೆ ಹೊರೋದಕ್ಕೆ ಆಗೋದಿಲ್ಲ. ಕೇಬಲ್ ಲಾಕ್ ಹಾಕಿ ಬೈಕಿಗೇ ಕಟ್ಟುತ್ತೇವೆ, ಬಾಯಿ ಕೆಳಗೆ ಮಾಡಿ, ಮೇಲೊಂದು ನೀರು ಇಳಿಯದ ಚೀಲ. ಮರಳಿ ಬಂದಾಗ ಹಾಕಿಕೊಳ್ಳುವ ಮೊದಲು ಒಳಗೆ ಕೈಬೆರಳಲ್ಲ, ಕಣ್ಣು ಹಾಕಿ. ಚೆನ್ನಾಗಿ ಕೊಡವಿ. ಗ್ಲೌಸ್ ಕೂಡ. ಬೆವರಿನ ವಾಸನೆಯ ಬೆಚ್ಚನೆ ಗೂಡು ಇರುವೆಗೂ ಜೇಡಕ್ಕೂ ಇಷ್ಟ.

ಶೂ ವಿಷಯದಲ್ಲಿ ನಾನು ಎರಡೂ ದಾರಿ ನೋಡಿದ್ದೇನೆ. ಬೈಕಿನ ಬೂಟು ಹಾಕಿಕೊಂಡು ಬೆಟ್ಟ ಹತ್ತಿದ್ದೇನೆ. ಅದರ ಕಣಕಾಲು ಗಟ್ಟಿ, ಅಡಿ ಬಾಗೋದಿಲ್ಲ. ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಯಿತು. ನಡಿಗೆಯ ಶೂ ಹಾಕಿಕೊಂಡು ಬೈಕ್ ಓಡಿಸಿದ್ದೇನೆ. ಅದರ ಉದ್ದ ಲೇಸ್ ಗೇರ್ ಲಿವರಿಗೆ ಸಿಕ್ಕಿಕೊಂಡಿತ್ತು, ಪುಣ್ಯಕ್ಕೆ ನಿಧಾನ ಹೋಗುತ್ತಿದ್ದೆ. ಈಗ ಎರಡೂ ಜೊತೆ ಒಯ್ಯುತ್ತೇನೆ. ಬೂಟು ಬೈಕಿನ ಹತ್ತಿರ ಉಳಿಯುತ್ತದೆ. ಒಂದೇ ಜೊತೆ ಅನ್ನುವವರು ಕಣಕಾಲು ಮುಚ್ಚುವ ನಡಿಗೆಯ ಶೂ ಹಾಕಿ, ಲೇಸ್ ಗಂಟನ್ನು ಒಳಗೆ ತೂರಿಸಿ. ಬೆನ್ನಿನ ಮೇಲೆ ಊರುಗೋಲು, ಸ್ಟೀಲ್ ಬಾಟಲಿ, ಕ್ಯಾಮೆರಾ ಸ್ಟ್ಯಾಂಡ್ ಇಟ್ಟುಕೊಂಡು ಬೈಕ್ ಓಡಿಸಬೇಡಿ. ಬಿದ್ದರೆ ಅವು ಬೆನ್ನುಮೂಳೆಗೇ ತಾಗುತ್ತವೆ. ಹಿಂದಿನ ಸೀಟಿಗೆ ಬಿಗಿಯಿರಿ, ತೂಗಾಡುವ ಪಟ್ಟಿಯ ತುದಿ ಚೈನಿಗೆ ಹೋಗದ ಹಾಗೆ ಕಟ್ಟಿ. ಫೋನನ್ನೂ ಹ್ಯಾಂಡಲ್‌ಗೆ ಸಿಕ್ಕಿಸಬೇಡಿ, ಎಂಜಿನ್ ನಡುಕ ಕ್ಯಾಮೆರಾ ಹಾಳುಮಾಡಬಹುದು.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಅರ್ಧ ಗಂಟೆಗೆ ಬರುತ್ತೇನೆ. ಎಂಜಿನ್ ಆರಿಸಿದ ಮೇಲೆ, ನಡಿಗೆ ಶುರುವಾಗುವ ಮೊದಲಿನದು.

ಮೂರು ಗಂಟೆ ಓಡಿಸಿ ಬೈಕ್ ನಿಲ್ಲಿಸಿ, ಕೂತಲ್ಲಿಂದಲೇ ಎದುರಿನ ಬೆಟ್ಟವನ್ನು ಅಲುಗಾಡದೆ ನೋಡಿ. ಬೆಟ್ಟ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿರುವ ಹಾಗೆ ಕಾಣುತ್ತದೆ. ನನಗೆ ಮೊದಲ ಸಲ ಹಾಗಾದಾಗ ತಲೆಸುತ್ತು ಅಂದುಕೊಂಡಿದ್ದೆ. ತಲೆಸುತ್ತಲ್ಲ. ಗಂಟೆಗಟ್ಟಲೆ ಎಲ್ಲವೂ ನಮ್ಮ ಕಡೆಗೆ ಓಡಿ ಬರೋದನ್ನೇ ನೋಡಿದ ಕಣ್ಣು ಆ ಚಲನೆಗೆ ಒಗ್ಗಿಹೋಗಿರುತ್ತದೆ. ನಿಂತ ಕೂಡಲೇ ಅದಕ್ಕೆ ಉಲ್ಟಾ ಚಲನೆ ಕಾಣುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಅನ್ನುವವರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನೇ ಗಮನಿಸಿ ಬರೆದರು. ಬೀಳುವ ನೀರನ್ನೇ ನೋಡಿ ಪಕ್ಕದ ಬಂಡೆಯ ಕಡೆ ಕಣ್ಣು ತಿರುಗಿಸಿದರೆ ಬಂಡೆ ಮೇಲಕ್ಕೆ ಏರಿದ ಹಾಗೆ ಕಂಡಿತಂತೆ. ನನಗೆ ಬೆಟ್ಟ ಹಿಂದೆ ಸರಿಯುವುದು ನಿಂತು, ಅದು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರುವ ತನಕ ನಾನು ಬೈಕಿಂದ ಇಳಿಯೋದಿಲ್ಲ. ಕೆಲವೇ ಸೆಕೆಂಡಿನ ಕೆಲಸ. ಆದರೆ ಅವತ್ತಿನ ಮೊದಲ ಹೆಜ್ಜೆ ಅಲ್ಲಿಂದಲೇ ಶುರು ಅನಿಸುತ್ತದೆ.

ಕಿವಿಯ ಕಥೆ ಇನ್ನೂ ದೊಡ್ಡದು. ವೇಗ ಗಂಟೆಗೆ 100 ಕಿ.ಮೀ. ಹತ್ತಿರ ಬಂದರೆ ಹೆಲ್ಮೆಟ್ ಒಳಗೆ ಗಾಳಿಯ ಸದ್ದು 95 ಡೆಸಿಬಲ್ ದಾಟೋದು ಸಾಮಾನ್ಯ. ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ 85 ಡೆಸಿಬಲ್ ಸದ್ದು ದಿನಕ್ಕೆ 8 ಗಂಟೆಗಿಂತ ಜಾಸ್ತಿ ಬೇಡ ಅನ್ನುತ್ತಾರೆ. ಆಮೇಲೆ ಪ್ರತಿ 3 ಡೆಸಿಬಲ್‌ಗೂ ಆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಬಂದರೆ ಒಂದೇ ಗಂಟೆ. ನಾನು ವರ್ಷಗಟ್ಟಲೆ ಕಿವಿಗೆ ಏನೂ ಹಾಕದೆ ಓಡಿಸಿದೆ. ಬೆಟ್ಟದ ಬುಡದಲ್ಲಿ ಇಳಿದಾಗ ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು. ಎಷ್ಟು ಶಾಂತವಾದ ಜಾಗ, ಒಂದು ಹಕ್ಕಿಯೂ ಕೂಗೋದಿಲ್ಲ ಅಂತ ತಮ್ಮನಿಗೆ ಹೇಳುತ್ತಿದ್ದೆ.

ಈ ಸಲ ಮೃದುವಾದ ಫೋಮ್ ಇಯರ್‌ಪ್ಲಗ್ ಹಾಕಿಕೊಂಡು ಓಡಿಸಿದೆ. ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಒಂದೊಂದೇ ಪ್ಲಗ್ ಎಳೆದೆ. ಮೊದಲು ಬಲಗಿವಿ. ನೀರಿನ ಸದ್ದು ಬಂತು. ರಸ್ತೆಯ ಕೆಳಗೆ, ಪೊದೆಗಳ ಆಚೆ, ಒಂದು ಸಣ್ಣ ಹಳ್ಳ ಹರಿಯುತ್ತಿತ್ತು. ಅಲ್ಲಿಗೆ ನಾನು ಆಗಲೇ ಹೋಗಿದ್ದವಳು! ಅಲ್ಲೊಂದು ಹಳ್ಳ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಎಡಗಿವಿಯ ಪ್ಲಗ್ ತೆಗೆದೆ. ಹುಲ್ಲಿನಲ್ಲಿ ಹುಳಗಳ ಕಿರ್ ಕಿರ್, ದೂರದಲ್ಲಿ ಎರಡು ಬೇರೆ ಬೇರೆ ಹಕ್ಕಿ. ಬೈಕಿನ ಎಂಜಿನ್ ತಣ್ಣಗಾಗುತ್ತ ಟಿಕ್, ಟಿಕ್ ಅಂತ ಮಾಡುವ ಸದ್ದು ಇವೆಲ್ಲದರ ನಡುವೆ ಸೇರಿಹೋಗಿತ್ತು. ಗ್ಲೌಸ್ ತೆಗೆದರೆ ಬೆರಳುಗಳಲ್ಲಿ ಇನ್ನೂ ಎಂಜಿನ್ ನಡುಕ ಉಳಿದಿತ್ತು. ಆ ಬೆರಳುಗಳನ್ನು ಇಬ್ಬನಿ ಆರದ ಒಂದು ಕಲ್ಲಿನ ಮೇಲೆ ಇಟ್ಟೆ. ಕಲ್ಲಿನ ತಂಪು ಒಳಗಿಳಿದ ಹಾಗೆ ಝುಮ್ಮೆನ್ನುವುದು ಮೆಲ್ಲಗೆ ಕಡಿಮೆಯಾಯಿತು.

ತಮ್ಮ ನೋಡುತ್ತಿದ್ದ. "ಏನ್ ಮಾಡ್ತಿದೀಯ ಅಕ್ಕ?"

"ನೀನೂ ಇಡು ಬಾ."

ಅವನೂ ಬಂದು ಇಟ್ಟ. ಹಾಗೇ ಕೂತಿದ್ದೆವು.

ಶುರುವಿನ ಇಪ್ಪತ್ತು ನಿಮಿಷ ನಡಿಗೆ ತುಂಬ ನಿಧಾನ ಅನಿಸುತ್ತದೆ. ಇದಕ್ಕೆ ಸಿದ್ಧವಾಗಿರಿ. ಕಣ್ಣಿಗೆ ಇನ್ನೂ ರಸ್ತೆಯ ವೇಗದ ಹಸಿವು ಇರುತ್ತದೆ. ಆಗ ಬಿರಬಿರನೆ ಹೆಜ್ಜೆ ಹಾಕಿಬಿಡುತ್ತೇವೆ, ಅರ್ಧ ದಾರಿಗೆ ಸುಸ್ತು. ಮೂರು ಗಂಟೆ ಮಡಚಿ ಕೂತ ಸೊಂಟ, ಮೊಣಕಾಲು ಬೇರೆ ಬಿಗಿಯಾಗಿರುತ್ತವೆ. ನಾನು ಬೇಕೆಂದೇ ತಮ್ಮನ ಹಿಂದೆ ನಡೆಯುತ್ತೇನೆ. ಅವನ ಹೆಜ್ಜೆ ನಿಧಾನ, ಒಂದೇ ಸಮ. ಸ್ವಲ್ಪ ಹೊತ್ತಿಗೆ ಉಸಿರು ಅದಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಕಾಲುದಾರಿಯ ಒಂದೊಂದೇ ಸಂಗತಿ ಕಾಣಲು ಶುರುವಾಗುತ್ತದೆ.

ಆ ಬೆಟ್ಟದಲ್ಲಿ ಮನುಷ್ಯರು ಕಡಿಮೆ. ಎರಡು ಸಲ ಹೋದಾಗಲೂ ಯಾರೂ ಎದುರಾಗಲಿಲ್ಲ. ಮೊದಲ ಒಂದು ಗಂಟೆ ಮರದ ನೆರಳು, ಆಮೇಲೆ ಪೂರ್ತಿ ಹುಲ್ಲು. ಮರ ಮುಗಿದು ಹುಲ್ಲು ಶುರುವಾಗುವ ಕಡೆ ಗಾಳಿ ಎದೆಗೆ ಬಂದು ಹೊಡೆಯುತ್ತದೆ. ಹುಲ್ಲು ಮೊಣಕಾಲೆತ್ತರ. ಗಾಳಿ ಬೀಸಿದಾಗ ಇಡೀ ಇಳಿಜಾರು ಬಣ್ಣ ಬದಲಿಸುತ್ತದೆ. ಒಂದು ಸಲ ಬೆಳ್ಳಿ, ಒಂದು ಸಲ ಹಸಿರು.

ಬೆಟ್ಟದ ಮೇಲಿನ ಅಂಚಿಗೆ ಬಂದಾಗ ಹಿಂದೆ ತಿರುಗಿ ನೋಡಬೇಕು. ಬೈಕ್ ಸವಾರಿಯನ್ನೂ ನಡಿಗೆಯನ್ನೂ ಸೇರಿಸಿದವರಿಗೆ ಮಾತ್ರ ಸಿಗುವ ನೋಟ ಇದು. ಬೆಳಿಗ್ಗೆ ಓಡಿಸಿಕೊಂಡು ಬಂದ ರಸ್ತೆ ಪೂರ್ತಿ ಕೆಳಗೆ ಬಿದ್ದಿರುತ್ತದೆ. ಓಡಿಸುವಾಗ ತಿರುವುಗಳನ್ನು ಒಂದೊಂದಾಗಿ ನೋಡಿದ್ದೆವು. ಪ್ರತಿ ತಿರುವಿನ ಆಚೆ ಏನಿದೆ ಅಂತ ಗೊತ್ತಿರಲಿಲ್ಲ. ಈಗ ಎಲ್ಲ ತಿರುವೂ ಒಟ್ಟಿಗೆ ಕಾಣುತ್ತವೆ. ಜೋರಾಗಿ ಬ್ರೇಕ್ ಹಿಡಿದಿದ್ದ ಆ ಕಡಿದಾದ ತಿರುವು ಇಲ್ಲಿಂದ ಒಂದು ಉಗುರಿನಷ್ಟು. ರಸ್ತೆ ಯಾಕೆ ಅಲ್ಲಿ ಅಷ್ಟು ಬಳುಕುತ್ತದೆ ಅಂತಲೂ ಮೇಲಿಂದ ತಿಳಿಯುತ್ತದೆ. ನೀರು ಇಳಿದು ಬಂದ ಕೊರಕಲುಗಳನ್ನು ತಪ್ಪಿಸಿಕೊಂಡು, ಬೆಟ್ಟದ ಮೈಯನ್ನು ಸವರಿಕೊಂಡು ಹೋಗಿದೆ. ರಸ್ತೆ ಮಾಡಿದವರು ಮೊದಲು ಇಲ್ಲಿ ನಡೆದಿರಬೇಕು, ಅಲ್ವಾ? ನಡೆಯದೆ ಇಷ್ಟು ಚೆನ್ನಾಗಿ ಗೆರೆ ಎಳೆಯೋಕೆ ಆಗೋದಿಲ್ಲ.

ತಮ್ಮ ಕೈ ತೋರಿಸಿದ. ರಸ್ತೆ ಮುಗಿಯುವ ಕಡೆ ಎರಡು ಚುಕ್ಕಿ. ಒಂದರ ಕನ್ನಡಿ ಬಿಸಿಲಿಗೆ ಮಿಂಚಿತು. ಹೊಸ ಕನ್ನಡಿ ಅದು. ಅಲ್ಲಿಂದ ಇಲ್ಲಿಗೆ ನಮ್ಮ ಕಾಲಲ್ಲೇ ಬಂದಿದ್ದೇವೆ, ಇನ್ನು ಅಲ್ಲಿಗೆ ಇಳಿಯಬೇಕು, ಅಲ್ಲಿಂದ ಅಷ್ಟು ದೂರ ಓಡಿಸಬೇಕು. ಎಲ್ಲ ಒಂದೇ ನೋಟದಲ್ಲಿತ್ತು. ಆಗ ಒಂದು ಗಂಟೆ ಹತ್ತು ನಿಮಿಷ. ತುದಿಯಲ್ಲಿ ಇಪ್ಪತ್ತು ನಿಮಿಷ ಕೂರಬಹುದಿತ್ತು. ಪೂರ್ತಿ ಇಪ್ಪತ್ತೂ ಕೂತೆವು.

ಇಳಿಯುವಾಗ ಈಗ ಊರುಗೋಲು ಬಳಸುತ್ತೇನೆ. ಹೆಜ್ಜೆ ಚಿಕ್ಕದು. ಕಡಿದಾದ ಕಡೆ ನೇರ ಇಳಿಯದೆ ಅಡ್ಡಡ್ಡ. ಬೈಕಿನಲ್ಲಿ ಇಳಿಜಾರಿಗೆ ಗೇರ್ ಇಳಿಸಿ ಎಂಜಿನ್ನಿಗೇ ತಡೆಯಲು ಬಿಡುತ್ತೇವಲ್ಲ, ಬ್ರೇಕನ್ನೇ ಒತ್ತಿಕೊಂಡಿರದೆ? ತೊಡೆಗೂ ಅದೇ ನ್ಯಾಯ. ಸಂಜೆಗೆ ಅದರ ಕೆಲಸ ಇನ್ನೂ ಬಾಕಿ ಇದೆ.

ಮೂರೂವರೆ ದಾಟಿತ್ತು, ಬೈಕಿನ ಹತ್ತಿರ ಬಂದಾಗ. ಮೊದಲ ಕೆಲಸ ಅಂಗಿ ಬದಲಾಯಿಸುವುದು. ಇದನ್ನು ಯಾರಿಗೇ ಆಗಲಿ ಒತ್ತಿ ಹೇಳುತ್ತೇನೆ. ಬೆವರಿನಲ್ಲಿ ನೆಂದ ಬಟ್ಟೆ ಮೈಯ ಬಿಸಿಯನ್ನು ಒಣ ಗಾಳಿಗಿಂತ ಎಷ್ಟೋ ಪಾಲು ಬೇಗ ಎಳೆದುಕೊಳ್ಳುತ್ತದೆ. ಅದರ ಮೇಲೆ ಸವಾರಿಯ ಗಾಳಿ. ಗಾಳಿಯ ತಂಪು ಲೆಕ್ಕ ಹಾಕುವ ಒಂದು ಸೂತ್ರ 2001ರಿಂದ ಕೆನಡಾ ಮತ್ತು ಅಮೆರಿಕದಲ್ಲಿ ಬಳಕೆಯಲ್ಲಿದೆ. ಅದರ ಪ್ರಕಾರ 10 ಡಿಗ್ರಿ ಇರುವಾಗ ಗಂಟೆಗೆ 60 ಕಿ.ಮೀ. ಗಾಳಿ ಬರಿ ಚರ್ಮಕ್ಕೆ ತಾಗಿದರೆ 5 ಡಿಗ್ರಿ ಅನಿಸುತ್ತದೆ. ಒಣ ಮೈಗೇ ಹೀಗೆ. ಒದ್ದೆ ಮೈಗೆ ಕೇಳಬೇಕೇ. ಚಳಿಗೆ ಬೆರಳು ಮರಗಟ್ಟಿದರೆ ಕ್ಲಚ್ಚು, ಬ್ರೇಕು ಕೈಗೆ ತಿಳಿಯೋದೇ ಇಲ್ಲ. ಹಾಗಾಗಿ ಒಂದು ಒಣ ಬನಿಯನ್, ಒಂದು ಒಣ ಅಂಗಿ, ಒಂದು ಜೊತೆ ಒಣ ಸಾಕ್ಸ್. ಇವು ಬೆಟ್ಟಕ್ಕೆ ಬರುವುದಿಲ್ಲ, ಬೈಕಿನ ಡಬ್ಬಿಯಲ್ಲಿ ಕಾಯುತ್ತವೆ.

ಆಮೇಲೆ ಕೂರುತ್ತೇವೆ. ಮುಕ್ಕಾಲು ಗಂಟೆ. ನೀರು, ಸ್ವಲ್ಪ ತಿನ್ನೋದು, ಕಾಲು ಚಾಚಿಕೊಂಡು. ಎದ್ದ ಮೇಲೆ ನಾನೇ ಮಾಡಿಕೊಂಡ ಒಂದು ಪರೀಕ್ಷೆ ಇದೆ. ಬೈಕ್ ಹಿಡಿಯದೆ, ಎಡಗಾಲೊಂದರ ಮೇಲೆ ನಿಂತು ಮೊಣಕಾಲನ್ನು ಸ್ವಲ್ಪ ಬಗ್ಗಿಸಿ ಮೇಲೇಳಬೇಕು. ಹತ್ತು ಸಲ. ಆಮೇಲೆ ಬಲಗಾಲು. ನಡುಗಿದರೆ ಮತ್ತೆ ಕೂರೋದು. ಹತ್ತಿ ಹೊರಟ ಮೇಲೂ ಮೊದಲ ಕೆಲವು ಕಿಲೋಮೀಟರ್ ಗಂಟೆಗೆ 30ರಲ್ಲಿ. ದಿನವಿಡೀ ಮೂರು ನಾಲ್ಕು ಕಿಲೋಮೀಟರ್ ವೇಗದಲ್ಲಿ ಲೋಕ ನೋಡಿದ ಕಣ್ಣಿಗೆ ಆ 30 ಕೂಡ ಹಾರಿದ ಹಾಗೆ ಅನಿಸುತ್ತದೆ. ಮರಗಳು ಪಕ್ಕದಲ್ಲಿ ಸುಂಯ್ ಅಂತ ಹೋಗುತ್ತವೆ. ಬೆಳಿಗ್ಗೆ ಅದೇ ಮರಗಳನ್ನು ಗಮನಿಸಿಯೇ ಇರಲಿಲ್ಲ.

ಕೊನೆಯ ಸಲ ಹೋದಾಗ ಮುಕ್ಕಾಲು ಗಂಟೆ ಮುಗಿದಿತ್ತು. ನಾಲ್ಕೂವರೆ. ಪರೀಕ್ಷೆಗೆ ನಿಂತೆ. ಎಡಗಾಲು ಆರನೇ ಸಲಕ್ಕೆ ಅಲುಗಿತು. ತಮ್ಮ ಆಗಲೇ ಜಾಕೆಟ್ ಹಾಕಿಕೊಂಡಿದ್ದ. ನನ್ನ ಕಾಲನ್ನು ನೋಡಿದ, ಮುಖ ನೋಡಿದ. ಜಾಕೆಟ್ಟಿನ ಜಿಪ್ ಕೆಳಗೆಳೆದು, ಹೆಲ್ಮೆಟ್ ತೆಗೆದು ಟ್ಯಾಂಕ್ ಮೇಲಿಟ್ಟ.

"ಇನ್ನೂ ಅರ್ಧ ಗಂಟೆ ಇದೆ ಅಕ್ಕ. ಕೂತ್ಕೋ."

ಕೂತೆ. ಹಳ್ಳದ ಸದ್ದು ಬರುತ್ತಿತ್ತು.